ನೋಡುವುದಕ್ಕೊಂದು ಕ್ಲಚ್ಚು

ಕಳೆದ ಭಾನುವಾರ ಸಂಸೆಯಲ್ಲಿ ಏಳೆಂಟು ಜನ ಸೇರಿ ನನ್ನ ಕಾರನ್ನು ತಳ್ಳಿದರು. ಎಷ್ಟು ತಳ್ಳಿದರೂ ಅದು ಸ್ಟಾರ್ಟ್ ಆಗುವುದಿಲ್ಲ ಎಂದು ಅಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಆ ಆಸಾಮಿ ಸ್ಟೇರಿಂಗ್ ಹಿಡಿದು ಕುಳಿತಿದ್ದ.

ನಾನೇ.

ಅಪ್ಪನ ಕಾಲದ ಕಾರು. ‘ಒಂದು ನಟ್ಟೂ ಬದಲಾಗಿಲ್ಲ, ಎಲ್ಲ ಒರಿಜಿನಲ್’ ಎಂದು ಇದೇ ಅಂಕಣದಲ್ಲಿ ಎಷ್ಟು ಸಲ ಕೊಚ್ಚಿಕೊಂಡಿದ್ದೇನೋ! ಆದರೆ ಎಡಮಂಡಿ ನೋವು ಶುರುವಾದ ಮೇಲೆ ಘಾಟಿಯಲ್ಲಿ ಕ್ಲಚ್ ತುಳಿಯುವುದೇ ಶಿಕ್ಷೆಯಾಯಿತು. ಹೋದ ಮಳೆಗಾಲದಲ್ಲಿ ಚಿಕ್ಕಮಗಳೂರಿನ ಗ್ಯಾರೇಜಿಗೆ ಬಿಟ್ಟು, ಗುಜರಿಗೆ ಬಿದ್ದಿದ್ದ ಬೇರೊಂದು ಕಾರಿನ, ಕ್ಲಚ್ಚೇ ಬೇಡದ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಅಪ್ಪನ ಎಂಜಿನ್ನಿಗೆ ಜೋಡಿಸಿದೆ. ಯಾರಿಗೂ ಹೇಳಲಿಲ್ಲ.

ಅಷ್ಟೇ ಆಗಿದ್ದರೆ ತಪ್ಪೇನಿತ್ತು? ಮೆಕ್ಯಾನಿಕ್‌ಗೆ ಇನ್ನೊಂದು ಮಾತು ಹೇಳಿದೆ: ‘ಕ್ಲಚ್ ಪೆಡಲ್ ತೆಗೀಬೇಡ ಮಾರಾಯ, ನೋಡಕ್ಕಿರ್ಲಿ.’ (ಅದಕ್ಕೊಂದು ಸ್ಪ್ರಿಂಗೂ ಹಾಕಿಸಿದೆ. ತುಳಿದರೆ ಕೆಳಗೆ ಹೋಗುತ್ತದೆ, ಬಿಟ್ಟರೆ ಮೇಲೆ ಬರುತ್ತದೆ. ಬೇರೆ ಕೆಲಸವಿಲ್ಲ.)

ಭಾನುವಾರ ಮಂಜಪ್ಪ ಮಾವನ ಮೊಮ್ಮಗಳ ಮದುವೆ, ಕಳಸದ ಛತ್ರದಲ್ಲಿ. ಮಾವ ಅಪ್ಪನ ಗೆಳೆಯರು. ನನಗೆ ಡ್ರೈವಿಂಗ್ ಕಲಿಸಿದ್ದೇ ಅವರು, ಇದೇ ಕಾರಿನಲ್ಲಿ. ‘ಹುಡ್ಗಿ ಅದ್ರಲ್ಲೇ ಹೋಗ್ಬೇಕು ನೋಡು’ ಎಂದಿದ್ದರು.

ಸಂಸೆಯ ಮಾವನ ಮನೆಯಂಗಳದಲ್ಲಿ ಕಾರಿಗೆ ಹೂವು ಕಟ್ಟಿದ್ದಾಯಿತು, ಫೋಟೊ ತೆಗೆದದ್ದಾಯಿತು. ಫೋಟೊಗೆಂದು ಹಾಕಿದ ಹೆಡ್‌ಲೈಟ್ ಆರಿಸುವುದು ಮರೆತೆ. ಮದುಮಗಳು ಹತ್ತಿ ಕೂರುವ ಹೊತ್ತಿಗೆ ಬ್ಯಾಟರಿ ಸತ್ತಿತ್ತು.

ನಮ್ಮ ಕಡೆ ಇದಕ್ಕೆಲ್ಲ ಯಾರೂ ಹೆದರುವುದಿಲ್ಲ. ಕಾರನ್ನು ನಿಲ್ಲಿಸುವುದೇ ಇಳಿಜಾರಿಗೆ ಮುಖ ಮಾಡಿ. ನಾಲ್ಕು ಜನ ತಳ್ಳಿ, ಉರುಳುವಾಗ ಕ್ಲಚ್ ಬಿಟ್ಟರೆ ಮುಗಿಯಿತು, ಸ್ಟಾರ್ಟ್. ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು ಎಲ್ಲರೂ ಬಂದೇಬಿಟ್ಟರು. ಎಪ್ಪತ್ತು ದಾಟಿದ ಮಾವನೂ.

‘ಆಟೊಮ್ಯಾಟಿಕ್ ಇದು, ತಳ್ಳಿದ್ರೆ ಸ್ಟಾರ್ಟ್ ಆಗಲ್ಲ. ಜೀಪಿನ ಬ್ಯಾಟರಿಯಿಂದ ಕರೆಂಟ್ ಕೊಡಿ.’ ಇಷ್ಟು ಹೇಳಿದ್ದರೆ ಸಾಕಿತ್ತು. ಜೀಪು ಅಂಗಳದಲ್ಲೇ ಇತ್ತು. ಮಾತು ಬಾಯಿಗೂ ಬಂತು. ನುಂಗಿದೆ.

‘ಕ್ಲಚ್ ಬಿಡು ಮಾರಾಯಾ, ಈಗ ಬಿಡು!’ ಹಿಂದಿನಿಂದ ಮಾವ ಕೂಗಿದರು.

ನಾನು ಏನು ಮಾಡಿದೆ ಗೊತ್ತೇ? ತುಳಿದೆ, ಬಿಟ್ಟೆ. ಮತ್ತೆ ತುಳಿದೆ, ಮತ್ತೆ ಬಿಟ್ಟೆ!

ಕಾರು ಸದ್ದಿಲ್ಲದೆ ಗದ್ದೆಯ ತನಕ ಉರುಳಿ ನಿಂತಿತು. ಮುಹೂರ್ತ ಹತ್ತಿರವಾಗುತ್ತಿತ್ತು. ಮದುಮಗಳು ಸೀರೆ ಎತ್ತಿ ಹಿಡಿದು, ಧೂಳಿನಲ್ಲಿ ನಡೆದು, ಜೀಪು ಹತ್ತಿದಳು. ಮಾವ ಬಾನೆಟ್ ಮೇಲೆ ಕೈಯೂರಿ ಏದುಸಿರು ಬಿಡುತ್ತಿದ್ದರು.

‘ನಿಂದೇನ್ ತಪ್ಪಿಲ್ಲ ಬಿಡು. ನಮಗೇ ವಯಸ್ಸಾಯ್ತು, ಸರಿಯಾಗ್ ತಳ್ಳಕ್ಕಾಗ್ಲಿಲ್ಲ.’

ಊಟದ ಪಂಕ್ತಿಯಲ್ಲೂ ಎದುರಿಗೆ ಸಿಕ್ಕವರಿಗೆಲ್ಲ ಅದನ್ನೇ ಹೇಳಿದರು. ನಾನು ಪಕ್ಕದಲ್ಲೇ ಕುಳಿತು ಪಾಯಸ ಸುರಿದುಕೊಂಡೆ. ಥೂ!

ತಲೆಗೆ ಬಣ್ಣ ಹಚ್ಚುತ್ತೇವೆ, ಕನ್ನಡಕ ತೆಗೆದು ಫೋಟೊಗೆ ನಿಲ್ಲುತ್ತೇವೆ. ಅದರಿಂದ ಯಾರಿಗೇನು ನಷ್ಟ? ಆದರೆ ನನ್ನ ಮಂಡಿಯ ವಯಸ್ಸು ಮುಚ್ಚಿಡಲು ಇನ್ನೊಬ್ಬರ ತೋಳಿಗೆ ವಯಸ್ಸಾಯಿತೆಂದು ಅವರನ್ನೇ ನಂಬಿಸಿದೆನಲ್ಲ, ಇದಕ್ಕೇನನ್ನಬೇಕು? ನಾಚಿಕೆಯಾಗುತ್ತಿದೆ.

ಮಾವ ಪ್ರತಿ ವಾರ ಈ ಅಂಕಣ ಓದುತ್ತಾರೆ.

ಮಾವ, ನೀವು ಸರಿಯಾಗಿಯೇ ತಳ್ಳಿದಿರಿ.