ಮೇಷ್ಟ್ರ ಮಿದುಳಿನ ಅಲೆಗಳು

ಆ ವರ್ಷ ಸತ್ಯವತಿಗೆ ಯಾರ ಮೇಲೆ ಸಿಟ್ಟು ಬಂದಿರಲಿಲ್ಲ ಎಂದು ಕೇಳುವುದೇ ಸುಲಭ. ಮಿದುಳಿನ ಅಲೆಗಳನ್ನು ಕಾಗದದ ಮೇಲೆ ಬರೆಯುವ ಯಂತ್ರದ ಮೇಲೆ ಸಿಟ್ಟು. ಅದರ ಮುಳ್ಳುಗಳಲ್ಲಿ ಶಾಯಿ ಗಟ್ಟಿಯಾಗುತ್ತಿತ್ತು, ಪಕ್ಕದ ಕೋಣೆಯಲ್ಲಿ ಯಾರಾದರೂ ಫ್ಯಾನು ಹಾಕಿದರೆ ಗೆರೆಗಳೆಲ್ಲ ನಡುಗುತ್ತಿದ್ದವು. ಮಾರ್ಗದರ್ಶಕ ಡಾಕ್ಟರ್ ವೆಂಕಟಗಿರಿಯವರ ಮೇಲೂ ಸಿಟ್ಟು. ರಾಜಾಜಿನಗರದ ಮನೆಯಲ್ಲಿ ಅಪ್ಪನ ಮೇಲಂತೂ ಹೇಳುವುದೇ ಬೇಡ. ಮರೆವಿನ ಮೇಲೆ ಪಿಎಚ್.ಡಿ. ಮಾಡುವ ಹುಡುಗಿ ತನಗೆ ಇಪ್ಪತ್ತೇಳು ತುಂಬಿದ್ದನ್ನು ಮರೆತಿದ್ದಾಳೆ ಎಂದು ಅವರು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು.

ಅದು ೧೯೫೬. ಆಲ್‌ಝೈಮರ್ ಎಂಬ ಜರ್ಮನ್ ವೈದ್ಯನ ಹೆಸರು ಹೊತ್ತ ಕಾಯಿಲೆ ಬಲು ಅಪರೂಪ, ಮುಪ್ಪಿಗೆ ಮೊದಲೇ ಬರುವಂಥದ್ದು ಎಂದು ಪುಸ್ತಕಗಳು ಹೇಳುತ್ತಿದ್ದವು. ಹಾಗಾಗಿ ಅರವತ್ತರ ಒಳಗಿನ ರೋಗಿಗಳೇ ಬೇಕು, ಒಬ್ಬೊಬ್ಬರನ್ನೂ ಆರಾರು ತಿಂಗಳ ಅಂತರದಲ್ಲಿ ಮೂರು ಸಲ ಪರೀಕ್ಷಿಸಬೇಕು ಎಂದು ವೆಂಕಟಗಿರಿಯವರು ಕಟ್ಟುನಿಟ್ಟು ಮಾಡಿದ್ದರು. ಒಂದು ವರ್ಷ ಅಲೆದು ಅವಳು ಏಳು ಮಂದಿಯನ್ನು ಹುಡುಕಿದಳು. ಮೊದಲ ಪರೀಕ್ಷೆಯ ನಂತರ ಆರು ಮನೆಯವರು ಬರುವುದನ್ನೇ ಬಿಟ್ಟರು. ಔಷಧಿಯಿಲ್ಲ, ಬರೀ ಗೆರೆ; ಯಾರು ಬರುತ್ತಾರೆ?

ಉಳಿದವರು ಕೆಂಗೇರಿಯ ರೇವಣಸಿದ್ದಯ್ಯ ಮೇಷ್ಟ್ರು ಒಬ್ಬರೇ. ವಯಸ್ಸು ಐವತ್ತನಾಲ್ಕು. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವರು, ಒಂದು ದಿನ ಶಾಲೆಗೆ ಹೋಗುವ ದಾರಿ ಗೊತ್ತಾಗದೆ ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟಿದ್ದರು. ಅವರನ್ನು ರೈಲು ಹತ್ತಿಸಿ, ಪೇಟೆಯಲ್ಲಿ ಇಳಿಸಿ, ಜಟಕಾದಲ್ಲಿ ಆಸ್ಪತ್ರೆಗೆ ಕರೆತರುತ್ತಿದ್ದವಳು ಹೆಂಡತಿ ಲಿಂಗಮ್ಮ. ಪೇಟೆಗೆ ಹೊರಟ ಮನುಷ್ಯ ಅಚ್ಚುಕಟ್ಟಾಗಿರಬೇಕೆಂದು ತಲೆಗೆ ಧಾರಾಳವಾಗಿ ಹರಳೆಣ್ಣೆ ಬಳಿದೇ ಕರೆತರುತ್ತಿದ್ದಳು. ಅಲೆ ಹಿಡಿಯಲು ತಲೆಗೆ ಹಚ್ಚುವ ಬೆಳ್ಳಿಯ ಬಿಲ್ಲೆಗಳು ಎಣ್ಣೆಗೆ ಅಂಟದೆ ಜಾರುತ್ತಿದ್ದವು. ಸೀಗೆಪುಡಿ ಹಾಕಿ ಮೇಷ್ಟ್ರ ತಲೆ ತೊಳೆಯುವುದರಲ್ಲೇ ಸತ್ಯವತಿಯ ಬೆಳಗು ಮುಗಿಯುತ್ತಿತ್ತು. ಎಣ್ಣೆ ಹಚ್ಚಬೇಡಿ ಎಂದು ಕಾಗದ ಬರೆದದ್ದೂ ವ್ಯರ್ಥವಾಯಿತು. ಆ ಮನೆಯಲ್ಲಿ ಓದು ಬಲ್ಲವರು ಮೇಷ್ಟ್ರು ಮಾತ್ರ.

ಕಣ್ಣು ಮುಚ್ಚಿ ಎಂದರೆ ಮುಚ್ಚುವರು, ಯಾಕೆ ಮುಚ್ಚಿದ್ದೆ ಎಂಬುದು ಮರೆತು ತೆರೆಯುವರು. ಹಾಗಿದ್ದೂ ಎರಡು ಪರೀಕ್ಷೆಗಳಾದವು. ಮೊದಲನೆಯದರಲ್ಲಿ ಸೆಕೆಂಡಿಗೆ ಒಂಬತ್ತು ಅಲೆ, ಎರಡನೆಯದರಲ್ಲಿ ಏಳು. ಆರೋಗ್ಯವಂತರಲ್ಲಿ ಕಣ್ಣು ತೆರೆದೊಡನೆ ಈ ಅಲೆಗಳು ಅಡಗಿಬಿಡುತ್ತವೆ. ಮೇಷ್ಟ್ರಲ್ಲಿ ಅಡಗಲೇ ಇಲ್ಲ. ಕಾಗದದ ಸುರುಳಿ ಹಿಡಿದು ಸತ್ಯವತಿ ಓಡಿದಳು. ವೆಂಕಟಗಿರಿಯವರು ಕನ್ನಡಕ ಏರಿಸಿ, ಇಳಿಸಿ, ಸುರುಳಿಯನ್ನು ವಾಪಸು ಕೊಟ್ಟರು.

"ಆತ ತೂಕಡಿಸಿದಾನೆ ಅಷ್ಟೇ. ತೂಕಡಿಸೋರ ಅಲೆ ನಿಧಾನ ಆಗೋದು ಯಾರಿಗೆ ಗೊತ್ತಿಲ್ಲ? ಎಚ್ಚರ ಇದ್ದ ಅಂತ ತೋರಿಸಮ್ಮ, ಆಮೇಲೆ ನೋಡೋಣ."

ಎಚ್ಚರವನ್ನು ತೋರಿಸುವುದು ಹೇಗೆ? ಮೂರನೆಯ ಸಲ ಅವಳು ಮೇಷ್ಟ್ರ ಕೈಗೊಂದು ಗಂಟೆಯ ಗುಂಡಿ ಕೊಟ್ಟು, ನಾನು ಹೇಳಿದಾಗ ಒತ್ತಿ ಎಂದಳು. ಅವರು ಗುಂಡಿಯನ್ನು ಜೇಬಿಗೆ ಹಾಕಿಕೊಂಡರು. ಕಿರುಚಬೇಕೆನಿಸಿ ಅವಳು ತಲೆ ಹಿಡಿದುಕೊಂಡು ಕುಳಿತಳು. ಮೂಲೆಯ ಸ್ಟೂಲಿನ ಮೇಲಿದ್ದ ಲಿಂಗಮ್ಮನಿಗೂ ರೈಲಿನ ಹೊತ್ತಾಗುತ್ತಿತ್ತು. ಏನು ಬೇಕಾಗಿದೆ ನಿಮಗೆ ಎಂದು ಬೇಸರದಿಂದಲೇ ಕೇಳಿದಳು. ಅವರು ನಿದ್ದೆ ಮಾಡುತ್ತಿಲ್ಲ ಎಂದು ಈ ಕಾಗದಕ್ಕೆ ಗೊತ್ತಾಗಬೇಕು ಎಂದಳು ಸತ್ಯವತಿ.

ಲಿಂಗಮ್ಮ ಗಂಡನ ಕಡೆ ತಿರುಗಿ, ಏನೂ ಅರಿಯದವಳಂತೆ ಅಂದಳು: "ಹದಿಮೂರೇಳ್ಲ ಎಂಬತ್ತೊಂಬತ್ತು."

"ತೊಂಬತ್ತೊಂದು," ಎಂದರು ಮೇಷ್ಟ್ರು, ಕಣ್ಣು ತೆರೆಯದೆ.

"ಹದಿನಾರೆಂಟ್ಲ ನೂರಿಪ್ಪತ್ತು."

"ನೂರಿಪ್ಪತ್ತೆಂಟು. ಕೈ ಕಟ್ಟಿ ನಿಂತ್ಕೊ."

ಉತ್ತರ ಹೇಳಿದಾಗಲೆಲ್ಲ ದವಡೆ ಅಲುಗಿ ಮುಳ್ಳುಗಳು ಹುಚ್ಚೆದ್ದು ಕುಣಿದವು. ಇಷ್ಟು ದಿನ ಸತ್ಯವತಿ ಶಪಿಸುತ್ತಿದ್ದ ಗೀಚು ಅದು. ಈಗ ಪ್ರತಿ ಗೀಚೂ ಮೇಷ್ಟ್ರು ಎಚ್ಚರವಿದ್ದ ಗುರುತಾಯಿತು. ಎರಡು ಗೀಚುಗಳ ನಡುವೆ ಅಲೆಗಳು ಸೆಕೆಂಡಿಗೆ ಆರರಂತೆ ಸಾಗಿದ್ದವು. ಹತ್ತು ನಿಮಿಷ ಲಿಂಗಮ್ಮ ಮಗ್ಗಿಯನ್ನು ತಪ್ಪು ತಪ್ಪಾಗಿ ಹೇಳಿದಳು. ತಪ್ಪು ಹೇಳಬೇಕಾದರೂ ಸರಿಯಾದದ್ದು ಗೊತ್ತಿರಬೇಕಲ್ಲ ಎಂಬುದು ಸತ್ಯವತಿಗೆ ಆಮೇಲೆ ಹೊಳೆಯಿತು. ಅಕ್ಷರ ಬಾರದ ಹೆಂಗಸು, ಗಂಡ ಜಗಲಿಯಲ್ಲಿ ಮಕ್ಕಳಿಗೆ ಹೇಳಿಕೊಟ್ಟದ್ದನ್ನು ಅಡುಗೆಮನೆಯಿಂದಲೇ ಕಲಿತಿದ್ದಳು.

ವೆಂಕಟಗಿರಿಯವರು ಈ ಸಲ ಸುರುಳಿಯನ್ನು ವಾಪಸು ಕೊಡಲಿಲ್ಲ. ಬದಲಿಗೆ ಹೊಸದೊಂದು ತಗಾದೆ ತೆಗೆದರು. ಸತ್ತ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಇದು ಅದೇ ಕಾಯಿಲೆ ಎಂದು ಹೇಳಲಾಗದು, ಮನೆಯವರ ಒಪ್ಪಿಗೆ ತಂದಿಡು ಎಂದರು. ಬದುಕಿರುವ ಮನುಷ್ಯನ ವಿಷಯ ಸಾರ್ ಎಂದು ಅವಳು ವಾದಿಸಿ ಸೋತಳು.

ಕೇಳದೆಯೇ ಒಂದೂವರೆ ವರ್ಷ ತಳ್ಳಿದಳು. ಮೇಷ್ಟ್ರು ಹಾಸಿಗೆ ಹಿಡಿದ ಸುದ್ದಿ ಬಂದಾಗ ಕೆಂಗೇರಿಗೆ ಹೋದಳು. ಅವರು ಗೋಡೆ ನೋಡುತ್ತಾ ಮಲಗಿದ್ದರು. ಲಿಂಗಮ್ಮ ತಟ್ಟೆಯಲ್ಲಿ ರಾಗಿಗಂಜಿ ಆರಿಸುತ್ತಿದ್ದಳು. ಸತ್ಯವತಿ ತಡವರಿಸುತ್ತಾ ವಿಷಯ ಹೇಳಿದಳು. ಲಿಂಗಮ್ಮ ಬೈಯಲಿಲ್ಲ.

"ಆ ಗೆರೇಲಿ ಕೊನೆಗೆ ಏನ್ ಸಿಕ್ತು ನಿಮಗೆ?"

"ಅವರ ಮಿದುಳು ನಿಧಾನ ಆಗಿದೆ ಅಂತ."

"ಅದನ್ನ ಮೊದಲ್ನೇ ದಿನಾನೇ ನಾನು ಹೇಳಿದ್ನಲ್ಲ ತಾಯಿ," ಎಂದಳು ಲಿಂಗಮ್ಮ. "ನೀವು ಕರೆದಾಗೆಲ್ಲ ಬಂದೆ. ಇದು ಮಾತ್ರ ಆಗಲ್ಲ. ಪೂರ್ತಿ ಮನುಷ್ಯನ್ನ ಕೂರಿಸಿ ಮಣ್ಣು ಮಾಡ್ಬೇಕು ನಾನು."

ಸತ್ಯವತಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಎರಡನೆಯ ಸಲ ಕೇಳಲಿಲ್ಲ. ಗಂಜಿ ಕುಡಿಸಲು ಮೇಷ್ಟ್ರ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿ, ಸಂಜೆಯ ರೈಲಿಗೆ ಹೊರಟಳು.

ಮಹಾಪ್ರಬಂಧ ೧೯೫೯ರಲ್ಲಿ ಪಾಸಾಯಿತು. ಮೇಷ್ಟ್ರು ಅದಕ್ಕೂ ಎರಡು ತಿಂಗಳ ಮೊದಲೇ ತೀರಿಕೊಂಡಿದ್ದರು. ರೋಗ ದೃಢಪಟ್ಟಿಲ್ಲ ಎಂಬ ಒಂದು ಸಾಲನ್ನು ಸೇರಿಸಲೇಬೇಕೆಂದು ವೆಂಕಟಗಿರಿಯವರು ಪಟ್ಟು ಹಿಡಿದರು. ಅವಳು ಸೇರಿಸಿದಳು. ರೋಗಿಯ ಎಚ್ಚರವನ್ನು ಖಚಿತಪಡಿಸಿಕೊಂಡ ವಿಧಾನವನ್ನು ಸೂಚಿಸಿದವರು ಶ್ರೀಮತಿ ಲಿಂಗಮ್ಮ, ಕೆಂಗೇರಿ, ಎಂದು ಅದರ ಕೆಳಗೆ ಬರೆದಳು. ಪ್ರಬಂಧದಲ್ಲಿ ಇದೆಲ್ಲ ಇರುವುದಿಲ್ಲಮ್ಮ ಎಂದು ಅವರು ಗೊಣಗಿದರು. ಆ ಸಾಲು ತೆಗೆದರೆ ನಿಮ್ಮ ಸಾಲನ್ನೂ ತೆಗೆಯುತ್ತೇನೆ ಎಂದಳು. ಎರಡೂ ಉಳಿದವು.