ಹೊಸ್ತಿಲ ಬಳಿಯ ಚಪ್ಪಲಿ

ಥೆಸಲೋನಿಕದ ಬಂದರಿನಲ್ಲಿ ಹಗ್ಗ ಹೊಸೆಯುವ ಜೋಸಿಮ, ಯೇಸುವನ್ನು ನಂಬಿದ ವರ್ಷವೇ ಸತ್ತ ಸದಸ್ಯರ ಹೆಣ ಹೊತ್ತು ಮಣ್ಣು ಮಾಡುವ ಸಂಘ ಬಿಟ್ಟಿದ್ದ. "ನಮ್ಮ ಒಡೆಯ ಬರೋವರೆಗೂ ನಾವ್ಯಾರೂ ಸಾಯಲ್ಲ ಕಣ್ರೋ. ನಿಮ್ಮ ಹೆಗಲು ನಮಗ್ಯಾಕೆ?" ಎಂದು ಎದೆಯುಬ್ಬಿಸಿ ಹೇಳಿದ್ದ. ಯೇಸು ಮತ್ತೆ ಬಂದು ಕರೆದೊಡನೆ ಹೊರಡಲೆಂದು ತನಗೂ ಹೆಂಡತಿ ನೀಕೆಗೂ ಹೊಸ ಚಪ್ಪಲಿ ಮಾಡಿಸಿ, ಮೆಟ್ಟದೆ ಹೊಸ್ತಿಲ ಬಳಿ ಇಟ್ಟಿದ್ದ. ನೀಕೆ ದಿನವೂ ಅವುಗಳ ಧೂಳು ಒರೆಸುತ್ತಿದ್ದಳು.

ಆ ಚಳಿಗಾಲದ ಜ್ವರಕ್ಕೆ ನೀಕೆಯೇ ತೀರಿಕೊಂಡಳು. ಜೊತೆಯ ವಿಶ್ವಾಸಿಗಳು ತಲೆ ತಗ್ಗಿಸಿ ನಿಂತರು. ಒಡೆಯ ಬರುವ ಮುನ್ನವೇ ಸತ್ತವರ ಗತಿಯೇನೆಂದು ಅವರಿಗ್ಯಾರೂ ಹೇಳಿಕೊಟ್ಟಿರಲಿಲ್ಲ.

ಹೆಣ ಹೊರುವ ಸಂಘದ ಹಿರಿಯ ಹೆರ್ಮೋನ ಬಾಗಿಲಿಗೆ ಬಂದ. "ಸಾಯಲ್ಲ ಅಂದಿದ್ಯಲ್ಲೋ?" ಎಂದವನು ಹೆಣದ ಮುಖ ನೋಡಿ ಮೆತ್ತಗಾದ. "ಹೋಗ್ಲಿ ಬಿಡು, ಹೆಗಲು ನಾವ್ ಕೊಡ್ತೀವಿ. ಸತ್ತೋರ್ನ ನದಿಯ ಆಚೆ ದಡ ದಾಟಿಸೋ ದೋಣಿಯವನಿಗೆ ಅವಳ ಬಾಯಲ್ಲೊಂದು ಕಾಸಾದ್ರೂ ಇಡು ಮಾರಾಯ."

"ಅವಳು ದೋಣಿ ಹತ್ತಲ್ಲ." ಜೋಸಿಮ ಎದ್ದು ಹೊಸ್ತಿಲ ಬಳಿ ಹೋದ. ಹೊಸ ಚಪ್ಪಲಿ ತಂದು ಆ ತಣ್ಣನೆಯ ಪಾದಗಳಿಗೆ ತೊಡಿಸಿ ವಾರು ಬಿಗಿದ. "ಒಡೆಯ ಕರೆದಾಗ ಬರಿಗಾಲಲ್ಲಿ ಏಳ್ಬಾರ್ದು."

ಮಣ್ಣು ಮಾಡಿ ಬಂದಾಗ ಹೊಸ್ತಿಲ ಬಳಿ ಒಂದೇ ಜೊತೆ ಉಳಿದಿತ್ತು. ಜೋಸಿಮ ಅದರ ಧೂಳು ಒರೆಸಿ, ಒಳಗೊಯ್ದು ಪೆಟ್ಟಿಗೆಯ ತಳದಲ್ಲಿಟ್ಟ. ಅವಳನ್ನು ಮಣ್ಣಲ್ಲಿ ಬಿಟ್ಟು ಒಬ್ಬನೇ ಹೊರಡುವ ಆತುರ ಈಗ ಅವನಿಗಿರಲಿಲ್ಲ.