ಮಂಡಿ ಮೇಷ್ಟ್ರು
ಜಿಮ್ಮಿನ ಹಳೆಯ ತರಬೇತುದಾರರಿಗೆ ಎಲ್ಲರೂ ಇಟ್ಟ ಹೆಸರು ಮಂಡಿ ಮೇಷ್ಟ್ರು. ಯಾರಾದರೂ ಕುಳಿತು ಕಾಲಲ್ಲಿ ಭಾರ ಎತ್ತತೊಡಗಿದರೆ ಸಾಕು, ಓಡಿಬಂದು, "ಹಿಂದಕ್ಕೆ ಒರಗಿ! ಸೊಂಟ ಚಾಚಿದ್ರೆ ತೊಡೆ ಮುಂಭಾಗ ಚೆನ್ನಾಗಿ ದುಡಿಯುತ್ತೆ, ಮಡಚಿದ್ರೆ ಮೈಗಳ್ಳ ಆಗುತ್ತೆ" ಎನ್ನುವರು. ಹೊಸದಾಗಿ ಸೇರಿದ ತರಬೇತುದಾರಳು ಅದನ್ನೇ ನಗುತ್ತ ಹೇಳಿದರೆ ಜನ ಮುತ್ತಿಕೊಳ್ಳುವರು, ಮೇಷ್ಟ್ರ ಹೊಟ್ಟೆಗೆ ಬೆಂಕಿ ಬೀಳುವುದು. "ನಾನು ಹೇಳಿದ್ರೆ ಕೊರೆತ, ಅವಳು ಹೇಳಿದ್ರೆ ವಿಜ್ಞಾನ!" ಕನ್ನಡಿ ಒರೆಸುವ ನೆಪದಲ್ಲಿ ಅವಳ ಪಾಠಕ್ಕೆ ಕಿವಿಗೊಟ್ಟು ತಪ್ಪು ಹುಡುಕುವರು, ಸಿಗದ ದಿನ ಊಟ ಸೇರದು. ಮಂಡಿಯ ಆಪರೇಷನ್ ಆದ ಅವರ ಹೆಂಡತಿ ಕೂಡ ಮೊನ್ನೆ ಜಿಮ್ಮಿನ ಮೆಟ್ಟಿಲು ಹತ್ತಿದ್ದು ಆ ತರಬೇತುದಾರಳ ಕೈಹಿಡಿದೇ. "ಮನೇಲೇ ನಾನಿಲ್ವಾ?" ಎಂದು ಮೇಷ್ಟ್ರು ಸಿಡುಕಿದರು. "ಇದೀರಿ. ಆದ್ರೆ ಆ ಹುಡುಗಿ 'ನೋಯ್ತಾ?' ಅಂತ ಕೇಳ್ತಾಳೆ" ಎಂದಳು ಹೆಂಡತಿ. ಮರುದಿನ ಬೆಳಿಗ್ಗೆ ಮೇಷ್ಟ್ರು ಹೆಂಡತಿಯ ಮಂಡಿಯ ಕೆಳಗೆ ದಿಂಬು ಸರಿಸುತ್ತ, ಗೋಡೆಯ ಕಡೆ ಮುಖಮಾಡಿ, ಗದರಿಸುವ ದನಿಯಲ್ಲಿ ಕೇಳಿದರು: "ನೋಯ್ತಾ?"